ಮಲೆನಾಡಿನಲ್ಲಿ ಪಾಕೆಟ್ ಸಿನಿಮಾ ಕ್ಯಾಮೆರಾ: ಯಾವ ಲೆನ್ಸ್, ಯಾವ ಪರಿಕರ, ಯಾವುದು ಮೊದಲು

ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯ ಪಾಕೆಟ್ ಸಿನಿಮಾ ಕ್ಯಾಮೆರಾ 4ಕೆ 2018ರಲ್ಲಿಯೂ 6ಕೆ ಮಾದರಿ 2019ರಲ್ಲಿಯೂ ಬಂದ ಮೇಲೆ ಕಿರುಚಿತ್ರ ಮತ್ತು ಸಾಕ್ಷ್ಯಚಿತ್ರ ಮಾಡುವ ಸಣ್ಣ ತಂಡಗಳಿಗೂ ರಾ ಚಿತ್ರೀಕರಣ (ಸೆನ್ಸರಿನ ಮಾಹಿತಿಯನ್ನು ಹೆಚ್ಚು ಸಂಸ್ಕರಿಸದೆ ದಾಖಲಿಸುವುದು) ಕೈಗೆಟುಕುವಂತಾಯಿತು. ಆದರೆ ಲೆನ್ಸ್, ಫಿಲ್ಟರ್, ಸ್ಟ್ಯಾಂಡುಗಳನ್ನೆಲ್ಲ ನಾವೇ ಹೊಂದಿಸಿಕೊಳ್ಳಬೇಕು. ಹೆಚ್ಚಿನವರು ಉಳಿದ ಹಣವನ್ನೆಲ್ಲ ಒಂದೆರಡು ಲೆನ್ಸುಗಳಿಗೆ ಸುರಿದು, ಮಿಕ್ಕದ್ದನ್ನು ಆಮೇಲೆ ನೋಡೋಣವೆಂದು ಬಿಡುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೆಲಸ ಮಾಡುವವರಿಗೆ ಈ ಕ್ರಮ ಹೊಂದುವುದಿಲ್ಲ. ಇಲ್ಲಿ ಒಂದೇ ಲೆನ್ಸ್ ಸಾಕು. ಎರಡನೆಯದಕ್ಕಿಂತ ಮೊದಲು ಬೆಳಕನ್ನು ತಗ್ಗಿಸುವ ಫಿಲ್ಟರುಗಳೂ ತೇವದಿಂದ ಕಾಯುವ ವ್ಯವಸ್ಥೆಯೂ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆನ್ಸ್ ಆರಿಸುವ ಮೊದಲು ಬೆಳಕನ್ನು ದಾಖಲಿಸುವ ಸೆನ್ಸರ್ ಮತ್ತು ಲೆನ್ಸ್ ಕೂರುವ ಮೌಂಟ್‌ಗಳ ಲೆಕ್ಕ ತಿಳಿದಿರಬೇಕು. 4ಕೆ ಮಾದರಿಯ ಸೆನ್ಸರ್ 18.96 ಮಿ.ಮೀ. ಅಗಲ, 10 ಮಿ.ಮೀ. ಎತ್ತರವಿದ್ದು, ಮೌಂಟ್ ಮೈಕ್ರೋ ಫೋರ್ ಥರ್ಡ್ಸ್ ಆಗಿದೆ. 6ಕೆ ಮಾದರಿಯಲ್ಲಿ ಸೂಪರ್ 35 ಅಳತೆಯ, 23.10 ಮಿ.ಮೀ. ಅಗಲದ ಸೆನ್ಸರ್ ಮತ್ತು ಕ್ಯಾನನ್ ಇಎಫ್ ಮೌಂಟ್ ಇವೆ. 4ಕೆಯಲ್ಲಿ 12 ಮಿ.ಮೀ. ಲೆನ್ಸ್ ತೋರಿಸುವಷ್ಟು ಅಗಲದ ನೋಟ 36 ಮಿ.ಮೀ. ಅಗಲದ ಸೆನ್ಸರಿರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸುಮಾರು 23 ಮಿ.ಮೀ. ಲೆನ್ಸಿನಿಂದ ಸಿಗುತ್ತದೆ. ಹಳೆಯ ಮನೆಯ ಜಗಲಿಯಲ್ಲಿಯೋ ನಡುಮನೆಯಲ್ಲಿಯೋ ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದರೂ ಎದುರಿನ ಇಬ್ಬರು ಚೌಕಟ್ಟಿನೊಳಗೆ ಬರದಿದ್ದಾಗ ಈ ಲೆಕ್ಕದ ಬಿಸಿ ತಟ್ಟುತ್ತದೆ. ಆದ್ದರಿಂದ ಮೊದಲ ಲೆನ್ಸ್ ಅಗಲದ ಕಡೆಯದೇ ಆಗಿರಲಿ.

ಪ್ಯಾನಸಾನಿಕ್ ಲ್ಯೂಮಿಕ್ಸ್ 12-35 ಮಿ.ಮೀ. ಎಫ್/2.8 (ಎಫ್ ಸಂಖ್ಯೆ ಕಡಿಮೆಯಿದ್ದಷ್ಟೂ ಹೆಚ್ಚು ಬೆಳಕು) ಈ ಕೆಲಸಕ್ಕೆ ನನಗೆ ಮೆಚ್ಚುಗೆಯಾದ ಲೆನ್ಸ್. ಕ್ಯಾಮೆರಾ ಬಾಡಿಯೊಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲದಿರುವುದರಿಂದ ಲೆನ್ಸಿನೊಳಗಿನ ಸ್ಥಿರೀಕರಣ ಕೈಯಲ್ಲಿ ಹಿಡಿದು ಚಿತ್ರೀಕರಿಸುವಾಗ ನೆರವಿಗೆ ಬರುತ್ತದೆ. ಸಕ್ರೆಬೈಲಿನಲ್ಲಿ ತುಂಗೆಯ ಹಿನ್ನೀರಿಗಿಳಿದ ಆನೆಗಳನ್ನು ಅವುಗಳಿಗೆ ತೊಂದರೆಯಾಗದ ದೂರದಿಂದ ತೆಗೆಯಲು 35-100 ಮಿ.ಮೀ. ಲೆನ್ಸ್ ಬೇಕೆನಿಸಬಹುದು, ಅದನ್ನು ಬೇಕಾದ ದಿನಕ್ಕೆ ಬಾಡಿಗೆಗೆ ತಂದರೆ ಸಾಕು.

ರಾತ್ರಿಯ ಯಕ್ಷಗಾನ ತೆಗೆಯುವವರಿಗೆ ಮಾತ್ರ ಎಫ್/2.8 ಸಾಲದೆ ಹೋಗಬಹುದು. ಅವರು ಫೋಕ್ಟ್‌ಲೆಂಡರ್ 17.5 ಮಿ.ಮೀ. ಎಫ್/0.95ರಂತಹ, ಕೈಯಿಂದಲೇ ಫೋಕಸ್ ಮಾಡುವ ಲೆನ್ಸನ್ನು ಪರಿಗಣಿಸಲಿ. ಚಲಿಸುವ ವಸ್ತುವನ್ನು ತಾನಾಗಿ ಹಿಂಬಾಲಿಸುವ ಫೋಕಸ್ ಈ ಕ್ಯಾಮೆರಾದಲ್ಲಿ ಹೇಗೂ ಇಲ್ಲ. ಇಲ್ಲಿ ಇನ್ನೆರಡು ಸಂಗತಿಗಳನ್ನು ನೆನಪಿಡಬೇಕು. 4ಕೆ ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100ರಿಂದ 1000ದವರೆಗೆ ಒಂದು ಮಟ್ಟದಲ್ಲಿಯೂ 1250ರಿಂದ ಮೇಲೆ ಇನ್ನೊಂದು ಮಟ್ಟದಲ್ಲಿಯೂ ಕೆಲಸ ಮಾಡುವುದರಿಂದ, 1000ಕ್ಕಿಂತ 1250ರಲ್ಲಿ ನೆರಳಿನ ಭಾಗ ಹೆಚ್ಚು ಸ್ವಚ್ಛವಾಗಿ ಬರುತ್ತದೆ. ಎರಡನೆಯದಾಗಿ, ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ತೆಗೆಯುವಾಗ ಶಟರ್ ಕೋನವನ್ನು (ಪ್ರತಿ ಫ್ರೇಮ್ ಬೆಳಕು ಪಡೆಯುವ ಅವಧಿಯ ಅಳತೆ) 180 ಡಿಗ್ರಿಯ ಬದಲು 172.8 ಡಿಗ್ರಿಗೆ ಇಟ್ಟರೆ ಪ್ರತಿ ಫ್ರೇಮ್ ಸರಿಯಾಗಿ 1/50 ಸೆಕೆಂಡು ಬೆಳಕು ಪಡೆದು, ರಂಗಸ್ಥಳದ ಟ್ಯೂಬ್‌ಲೈಟುಗಳ ಮಿಣುಕು ಚಿತ್ರದಲ್ಲಿ ಕಾಣಿಸುವುದಿಲ್ಲ.

ಹಳೆಯ ಲೆನ್ಸುಗಳು ಮನೆಯಲ್ಲಿದ್ದವರಿಗೆ ಅಡಾಪ್ಟರ್ ದಾರಿ ಇದೆ. ಮೈಕ್ರೋ ಫೋರ್ ಥರ್ಡ್ಸ್ ಮೌಂಟಿನಿಂದ ಸೆನ್ಸರಿಗೆ 19.25 ಮಿ.ಮೀ. ಅಂತರವಿದ್ದರೆ, ಕ್ಯಾನನ್ ಇಎಫ್‌ಗೆ 44, ನಿಕಾನ್ ಎಫ್‌ಗೆ 46.5 ಮಿ.ಮೀ. ಅಂತರ ಬೇಕು. ನಡುವೆ ಉಳಿಯುವ ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಅಪರ್ಚರ್ (ಬೆಳಕು ಹಾಯುವ ರಂಧ್ರ) ಬದಲಿಸುವ ಉಂಗುರವಿರುವ ಹಳೆಯ ನಿಕಾನ್ ಲೆನ್ಸಿಗೆ ಸಾದಾ ಅಡಾಪ್ಟರ್ ಸಾಕು. ಆದರೆ ಉಂಗುರವಿಲ್ಲದ ಇಎಫ್ ಲೆನ್ಸಿಗೆ ವಿದ್ಯುತ್ ಸಂಪರ್ಕವಿರುವ ಅಡಾಪ್ಟರನ್ನೇ ಕೊಳ್ಳಬೇಕು, ಇಲ್ಲವಾದರೆ ಅಪರ್ಚರ್ ಬದಲಿಸಲು ಆಗುವುದೇ ಇಲ್ಲ. ಸ್ಪೀಡ್‌ಬೂಸ್ಟರ್ ಎಂಬ ಅಡಾಪ್ಟರಿನೊಳಗೆ ಗಾಜು ಇರುತ್ತದೆ. 0.71 ಪಟ್ಟಿನ ಸ್ಪೀಡ್‌ಬೂಸ್ಟರ್ ಮೂಲಕ ಸಿಗ್ಮಾ 18-35 ಮಿ.ಮೀ. ಎಫ್/1.8 ಲೆನ್ಸ್ ಸುಮಾರು 13-25 ಮಿ.ಮೀ. ಎಫ್/1.3ರಂತೆ ವರ್ತಿಸಿ, ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಕೊಡುತ್ತದೆ. ಆದರೆ ಲೆನ್ಸ್ ಮತ್ತು ಬೂಸ್ಟರ್ ಎರಡೂ ಸೇರಿ ಭಾರವಾಗುವುದರಿಂದ ಮೌಂಟಿನ ಮೇಲೆ ಎಳೆತ ಬೀಳದಂತೆ ಕೆಳಗೊಂದು ಆಧಾರ ಕೊಡಬೇಕು.

ಇನ್ನು ಫಿಲ್ಟರುಗಳು. 4ಕೆ ಮತ್ತು ಮೊದಲ 6ಕೆ ಮಾದರಿಗಳ ಒಳಗೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲ. 2021ರ 6ಕೆ ಪ್ರೊದಲ್ಲಿ 2, 4 ಮತ್ತು 6 ಸ್ಟಾಪ್‌ಗಳದ್ದು ಇದೆ. ಎಷ್ಟು ಬೇಕೆಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ನಿಚ್ಚಳ ಬಿಸಿಲಿನಲ್ಲಿ ಎಫ್/16ಕ್ಕೆ ಐಎಸ್‌ಒ 400 ಇದ್ದರೆ ಶಟರ್ ಸುಮಾರು 1/400 ಸೆಕೆಂಡು ಇರಬೇಕೆಂಬುದು ಛಾಯಾಗ್ರಾಹಕರ ಹಳೆಯ ಸೂತ್ರ. ನಮಗೆ ಬೇಕಾದ 1/50ಕ್ಕೆ ಬಂದರೆ 3 ಸ್ಟಾಪ್ ಬೆಳಕು ಹೆಚ್ಚುತ್ತದೆ, ಅಪರ್ಚರನ್ನು ಎಫ್/2.8ಕ್ಕೆ ತೆರೆದರೆ ಇನ್ನೂ 5. ಅಂದರೆ ಒಟ್ಟು 8 ಸ್ಟಾಪ್ ತಗ್ಗಿಸಬೇಕು. ಎನ್‌ಡಿಯ ಮೇಲಿನ ಪ್ರತಿ 0.3 ಒಂದು ಸ್ಟಾಪ್‌ಗೆ ಸಮ, ಆದ್ದರಿಂದ 0.6 ಮತ್ತು 1.8 ಎಂದು ಗುರುತಿಸಿರುವ ಎರಡು ಎನ್‌ಡಿಗಳನ್ನು ಒಟ್ಟಿಗೆ ಹಾಕಿದರೆ ಸರಿಯಾಗಿ 8 ಆಗುತ್ತದೆ. ಅದೇ ಹೊತ್ತಿನಲ್ಲಿ ಗದ್ದೆಯಂಚಿನಿಂದ ಹತ್ತು ಹೆಜ್ಜೆ ನಡೆದು ಅಡಿಕೆ ತೋಟದೊಳಗೆ ಹೊಕ್ಕರೆ ಬೆಳಕು ಹಲವು ಸ್ಟಾಪ್ ಇಳಿದುಬಿಡುತ್ತದೆ. ಹೀಗೆ ಒಳಗೆ ಹೊರಗೆ ಓಡಾಡುತ್ತ ತೆಗೆಯುವವರಿಗೆ ತಿರುಗಿಸಿ ಹೊಂದಿಸುವ ವೇರಿಯೇಬಲ್ ಎನ್‌ಡಿ ಅನುಕೂಲ. ಆದರೆ ಅಗಲದ ಲೆನ್ಸಿನಲ್ಲಿ ಅದನ್ನು ಕೊನೆಯವರೆಗೂ ತಿರುಗಿಸಿದರೆ ಚೌಕಟ್ಟಿಗೆ ಅಡ್ಡಲಾಗಿ ಕತ್ತರಿಯಾಕಾರದ ಕಪ್ಪು ನೆರಳು ಮೂಡುತ್ತದೆ.

ದಟ್ಟ ಎನ್‌ಡಿ ಕೊಳ್ಳುವಾಗ ಅವಕೆಂಪು ಕಿರಣಗಳನ್ನೂ ತಡೆಯುವಂಥದ್ದನ್ನೇ ಕೇಳಿ ಪಡೆಯಬೇಕು. ಅಗ್ಗದ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ತಡೆದು ಅವಕೆಂಪನ್ನು ಒಳಗೆ ಬಿಡುತ್ತದೆ. ಆಗ ಕಪ್ಪು ಬಟ್ಟೆ ಕಂದಾಗಿ ಕಾಣುತ್ತದೆ. ಹಸಿರೆಲೆಗಳು ಅವಕೆಂಪನ್ನು ಬಹಳವಾಗಿ ಪ್ರತಿಫಲಿಸುವುದರಿಂದ, ನೋಡಿದಲ್ಲೆಲ್ಲ ಎಲೆಯೇ ಇರುವ ನಮ್ಮ ಕಡೆ ಕಾಡಿನ ಬಣ್ಣವೇ ಕೆಡುತ್ತದೆ. ಮಳೆ ನಿಂತ ಮೇಲೆ ಒದ್ದೆ ಎಲೆಗಳ ಬಿಳಿ ಹೊಳಪನ್ನು ತೆಗೆದು ಹಸಿರನ್ನು ಉಳಿಸಲು ಪೋಲರೈಸರ್ ಬೇಕು. ಅದು ಒಂದೂವರೆ ಸ್ಟಾಪ್‌ನಷ್ಟು ಬೆಳಕು ನುಂಗುತ್ತದೆ. ವೇರಿಯೇಬಲ್ ಎನ್‌ಡಿ ಕೂಡ ಎರಡು ಪೋಲರೈಸರ್‌ಗಳ ಜೋಡಣೆಯೇ ಆದ್ದರಿಂದ ಇವೆರಡನ್ನು ಒಂದರ ಮೇಲೊಂದು ಹಾಕಬಾರದು. ಫಿಲ್ಟರುಗಳನ್ನೆಲ್ಲ 77 ಮಿ.ಮೀ. ಅಳತೆಯಲ್ಲಿ ಕೊಂಡು, ಚಿಕ್ಕ ಲೆನ್ಸುಗಳಿಗೆ ಸ್ಟೆಪ್-ಅಪ್ ರಿಂಗ್ ಬಳಸಿದರೆ ಲೆನ್ಸಿಗೊಂದರಂತೆ ಮತ್ತೆ ಕೊಳ್ಳುವ ಖರ್ಚು ತಪ್ಪುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಭ್ರಮೆ ಬೇಡ. ಒಳಗಿನ ಎಲ್‌ಪಿ-ಇ6 ಬ್ಯಾಟರಿ ಹೆಚ್ಚೆಂದರೆ ಒಂದು ಗಂಟೆ ಬರುತ್ತದೆ. ಕವಲೇದುರ್ಗವನ್ನೋ ಕೊಡಚಾದ್ರಿಯನ್ನೋ ಹತ್ತುವವರು ಎನ್‌ಪಿ-ಎಫ್ ಮಾದರಿಯ ದೊಡ್ಡ ಬ್ಯಾಟರಿಗಳನ್ನು ಪ್ಲೇಟ್ ಮೂಲಕ 12 ವೋಲ್ಟ್ ಕಿಂಡಿಗೆ ಜೋಡಿಸಿಕೊಳ್ಳಲಿ. ಇರುವ ಒಂದೇ ಯುಎಸ್‌ಬಿ-ಸಿ ಕಿಂಡಿ ಆಗ ಚಿತ್ರ ದಾಖಲಾಗುವ ಎಸ್‌ಎಸ್‌ಡಿ ಡಿಸ್ಕಿಗೆ ಉಳಿಯುತ್ತದೆ. ಅದರ ಕೇಬಲ್ ಸಡಿಲವಾದರೆ ರೆಕಾರ್ಡಿಂಗ್ ನಿಂತೇ ಹೋಗುವುದರಿಂದ ಕೇಬಲ್ ಹಿಡಿಕೆಯಿರುವ ಕೇಜ್ (ಕ್ಯಾಮೆರಾ ಸುತ್ತ ಕೂರುವ ಚೌಕಟ್ಟು) ಕೊಳ್ಳುವುದು ಜಾಣತನ. ಧ್ವನಿಗೆ ಮಿನಿ ಎಕ್ಸ್‌ಎಲ್‌ಆರ್ ಕಿಂಡಿಯೂ ಅದೇ ಕೇಬಲ್ ಮೂಲಕ ಮೈಕಿಗೆ ಹೋಗುವ ಫ್ಯಾಂಟಮ್ ವಿದ್ಯುತ್ತೂ ಇವೆ. ಎದುರಿನ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವ ಒಂದು ಶಾಟ್‌ಗನ್ ಮೈಕ್ ಸಾಕು, ಜೀರುಂಡೆಗಳನ್ನು ಯಾವ ಮೈಕೂ ಸುಮ್ಮನಾಗಿಸುವುದಿಲ್ಲ.

ಮಳೆ ಮತ್ತು ತೇವದ್ದೇ ದೊಡ್ಡ ಕಥೆ. ಲೆನ್ಸಿಗೆ ನೀರು ತಡೆಯುವ ರಬ್ಬರ್ ಇದ್ದರೂ ಈ ಕ್ಯಾಮೆರಾ ಬಾಡಿಗೆ ಅಂಥ ರಕ್ಷಣೆಯಿಲ್ಲ. ಮೇಲಾಗಿ ಒಳಗೆ ತಣಿಸುವ ಫ್ಯಾನ್ ಇರುವುದರಿಂದ ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಸುತ್ತಿದರೆ ಕ್ಯಾಮೆರಾ ಬಿಸಿಯಾಗುತ್ತದೆ. ಆಗುಂಬೆಯ ಮಳೆಯಲ್ಲಿ ಮಳೆಯಂಗಿಗಿಂತ ದೊಡ್ಡ ಕೊಡೆ ಹಿಡಿಯಲು ಒಬ್ಬ ಸಹಾಯಕ ಇರುವುದೇ ಉತ್ತಮ. ಜೋಗದ ಬುಡದಲ್ಲಿ ತುಂತುರು ಎಲ್ಲ ಕಡೆಯಿಂದಲೂ ಬರುವುದರಿಂದ ಕೊಡೆಯೂ ಉಪಯೋಗಕ್ಕೆ ಬಾರದು. ಅಲ್ಲಿ ಲೆನ್ಸಿನ ಮುಂದೆ ಸಾದಾ ಪಾರದರ್ಶಕ ಫಿಲ್ಟರ್ ಹಾಕಿ, ಪ್ರತಿ ಶಾಟ್ ನಡುವೆ ಒಣಬಟ್ಟೆಯಿಂದ ಒರೆಸುತ್ತಿರಬೇಕು. ಎಸಿ ಹಾಕಿದ ಕಾರಿನಿಂದ ಕ್ಯಾಮೆರಾವನ್ನು ನೇರವಾಗಿ ಹೊರಗೆ ತೆಗೆದರೆ ಗಾಜಿನ ಮೇಲೆ ಹಬೆ ಕಟ್ಟುತ್ತದೆ, ಆದ್ದರಿಂದ ಚೀಲ ಮುಚ್ಚಿಟ್ಟೇ ಅರ್ಧ ಗಂಟೆ ಹೊರಗಿಡಬೇಕು. ಇಂಬಳಕ್ಕೆಂದೋ ಸೊಳ್ಳೆಗೆಂದೋ ಡೀಟ್ ಎಂಬ ಕೀಟನಿರೋಧಕ ರಾಸಾಯನಿಕವಿರುವ ಮುಲಾಮು ಹಚ್ಚಿದ ಕೈಯಿಂದ ಲೆನ್ಸ್ ಮುಟ್ಟಬಾರದು. ಅದು ಪ್ಲಾಸ್ಟಿಕ್ ಮತ್ತು ರಬ್ಬರನ್ನು ತಿನ್ನುತ್ತದೆ.

ಮನೆಗೆ ಬಂದ ಮೇಲೆ ಲೆನ್ಸುಗಳನ್ನು ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಬಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಗೂ ಒಂದು ಚಿಕ್ಕ ತೇವಮಾಪಕದೊಂದಿಗೆ ಇಡಬೇಕು. ಒಳಗಿನ ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ. ಅದು ತೀರ ಕಡಿಮೆಯಾದರೆ ಲೆನ್ಸಿನೊಳಗಿನ ಎಣ್ಣೆ ಒಣಗುತ್ತದೆ, ಶೇ. 60 ದಾಟಿದರೆ ಬೂಷ್ಟು ಹಿಡಿಯುವ ಅಪಾಯವಿದೆ. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿಡುವ ಯೋಚನೆ ಬೇಡ, ಅಲ್ಲಿನ ಹೊಗೆ ಅಡಿಕೆಗೆ ಒಗ್ಗಿದರೂ ಲೆನ್ಸಿಗೆ ಒಗ್ಗದು. ಬಳಸಿದ ಲೆನ್ಸ್ ಕೊಳ್ಳುವವರು ಅಪರ್ಚರನ್ನು ಪೂರ್ತಿ ತೆರೆದು, ಒಂದು ತುದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ತುದಿಯಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಅಂಚಿನಲ್ಲಿ ಈಗಷ್ಟೇ ಮೂಡಿದ್ದರೆ ಪರಿಣತರು ಬಿಚ್ಚಿ ಶುಚಿ ಮಾಡಬಲ್ಲರು; ಗಾಜಿನ ಲೇಪನವನ್ನೇ ಬೂಷ್ಟು ತಿಂದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಲೆನ್ಸನ್ನು ಕೊಳ್ಳಬಾರದು.