ಐದು ಜನ, ಒಂದು ಬಾಡಿಗೆ ಮನೆ, ಗೋಡೆ ಮೇಲೆ ಲೆಕ್ಕ

"ಏನ್ರಪ್ಪಾ, ಮನೇಲಿ ಚೀಟಿ ಗೀಟಿ ನಡೆಸ್ತೀರಾ?"

ಮನೆ ಹುಡುಕುವಾಗ ಮಾಲೀಕರೊಬ್ಬರು ನಮ್ಮನ್ನು ಕೇಳಿದ್ದು ಹೀಗೆ. ನಾವು ಐದು ಜನ, ಎಂ.ಕಾಂ., ಎಂ.ಎ. ಓದುವವರು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ಹತ್ತಿರ ಇರಲಿ ಅಂತ ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳದ ಕಡೆ ಗಲ್ಲಿ ಗಲ್ಲಿ ಸುತ್ತುತ್ತಿದ್ದೆವು. ನಮ್ಮ ಹಾಸನದವನು ಉತ್ಸಾಹ ತಡೆಯಲಾರದೆ, "ಇದು ಸುಮ್ನೆ ಬ್ಯಾಚುಲರ್ ಮನೆ ಅಲ್ಲ ಸಾರ್, ಜನರಿಗೆ ದುಡ್ಡಿನ ತಿಳಿವಳಿಕೆ ಕೊಡೋ ಮನೆ" ಅಂದುಬಿಟ್ಟಿದ್ದ. ಆ ಮನೆ ಸಿಗಲಿಲ್ಲ. ಮುಂದಿನ ಮನೆಯಲ್ಲಿ ಅವನ ಬಾಯಿ ಮುಚ್ಚಿಸಿದೆವು, ಸಿಕ್ಕಿತು.

ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ 'ಥೀಮ್ ಹೌಸ್' ಅಂತ ಇರುತ್ತವೆ. ಒಂದು ಭಾಷೆಯಲ್ಲೋ ಪರಿಸರದಲ್ಲೋ ಆಸಕ್ತಿ ಇರುವ ವಿದ್ಯಾರ್ಥಿಗಳು ಒಂದೇ ಮನೆಯಲ್ಲಿದ್ದು, ಆ ವಿಷಯದ ಬಗ್ಗೆ ಹೊರಗಿನವರಿಗೂ ಏನಾದರೂ ಮಾಡುತ್ತಾರೆ. ನಾವೂ ಅಂಥದ್ದೊಂದು ಮಾಡಲು ಹೊರಟೆವು, ವಿಷಯ ದುಡ್ಡು. ಅಲ್ಲಿ ಮನೆಯನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ. ನಮಗೆ ಯಾರು ಕೊಡ್ತಾರೆ? ಅಡ್ವಾನ್ಸು, ಬ್ರೋಕರ್ ಕಮಿಷನ್ನು, ಬೇಸಿಗೆಯ ನೀರಿನ ಟ್ಯಾಂಕರು ಎಲ್ಲ ನಮ್ಮ ತಲೆ ಮೇಲೆಯೇ. ದುಡ್ಡಿನ ವಿಷಯ ಹಿಡಿದವರಿಗೆ ಅದೇ ಒಳ್ಳೆಯದಾಯಿತು ಅನ್ನಿ, ಪಾಠಕ್ಕೆ ಬೇಕಾದ ಲೆಕ್ಕವೆಲ್ಲ ತಾನಾಗಿ ಮನೆ ಬಾಗಿಲಿಗೆ ಬಂತು. ಎರಡು ವರ್ಷ ನಡೆಸಿದೆವು. ನೀವೂ ಮಾಡುವುದಾದರೆ ಹೀಗೆ ಶುರು ಮಾಡಿ.

1. "ನನ್ನ ಹತ್ರ ದುಡ್ಡಿಲ್ಲ" ಅನ್ನಬಲ್ಲವರನ್ನು ಹುಡುಕಿ

ಲೆಕ್ಕದಲ್ಲಿ ಜಾಣರು ಬೇಕಿಲ್ಲ. ಐದು ಜನರಲ್ಲಿ ಮೂವರು ಕಾಮರ್ಸಿನವರಾಗಿದ್ದರೂ ನಮ್ಮ ಮೊದಲ ತಿಂಗಳು ಹಾಳಾಗಿದ್ದು ಕೂಡುವುದು ಕಳೆಯುವುದು ಬರದೆ ಅಲ್ಲ, ಮುಲಾಜಿನಿಂದ. ಹಾಲು ತಂದವನು ಕೇಳಲಿಲ್ಲ, ಕುಡಿದವರು ಕೊಡಲಿಲ್ಲ. "ಬಿಡೋ ಮಗಾ, ಆಮೇಲೆ ನೋಡ್ಕೊಳ್ಳೋಣ" ಅಂತ ಬಿಟ್ಟಿದ್ದೆಲ್ಲ ತಿಂಗಳ ಕೊನೆಗೆ ಯಾರೋ ಪಾತ್ರೆ ತೊಳೆಯಲಿಲ್ಲ ಅನ್ನುವ ಜಗಳವಾಗಿ ಹೊರಬಂತು. ಜಗಳ ಪಾತ್ರೆಯದ್ದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ಮನೆ ಸೇರುವ ಮೊದಲೇ ಐದೂ ಜನ ಕೂತು ಮೂರು ವಿಷಯ ಬಾಯಿ ಬಿಟ್ಟು ಹೇಳಿ: ತಿಂಗಳಿಗೆ ಎಷ್ಟು ಬರುತ್ತದೆ, ಯಾವ ತಾರೀಕಿಗೆ ಬರುತ್ತದೆ, ತಲೆ ಮೇಲೆ ಸಾಲ ಇದೆಯಾ. ತಾರೀಕು ಮುಖ್ಯ. ನಮ್ಮಲ್ಲೊಬ್ಬನಿಗೆ ಮನೆಯಿಂದ ದುಡ್ಡು ಬರುತ್ತಿದ್ದದ್ದು 10ಕ್ಕೆ, ರಾಯಚೂರಿನವನು ಸ್ಕಾಲರ್‌ಶಿಪ್ ನಂಬಿದವನು, ಅದು ಬಂದಾಗ ಬಂತು. ಇದು ಮೊದಲೇ ಗೊತ್ತಿದ್ದರೆ 5ನೇ ತಾರೀಕಿಗೆ ಅವನನ್ನು ದುರುಗುಟ್ಟಿ ನೋಡುವುದು ತಪ್ಪುತ್ತದೆ.

2. ಅಡ್ವಾನ್ಸನ್ನೇ ಮೊದಲ ಪಾಠ ಮಾಡಿ

ಬೆಂಗಳೂರಿನ ಹಳೆ ರೂಢಿ 10 ತಿಂಗಳ ಅಡ್ವಾನ್ಸು. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ಚೌಕಾಸಿ ಮಾಡಿ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತದೆ. ಆದರೆ ಅದು ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಕಾನೂನು. ಮಾಲೀಕರ ಮುಂದೆ ಅದನ್ನು ಓದಲು ಹೋದರೆ ಕಾಫಿ ಕೂಡ ಸಿಗಲ್ಲ.

ಒಂದು ಹಾಳೆ ತಗೊಂಡು ಈ ಲೆಕ್ಕ ಹಾಕಿ. ಬಾಡಿಗೆ 18,000 ಅಂದುಕೊಳ್ಳಿ, ಅಡ್ವಾನ್ಸ್ 1,80,000. ಅದೇ ದುಡ್ಡು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರೆ, ಬಡ್ಡಿ 7% ಅಂತಿಟ್ಟುಕೊಂಡರೂ ವರ್ಷಕ್ಕೆ 12,600, ಅಂದರೆ ತಿಂಗಳಿಗೆ 1,050. ಇದು ನಿಮ್ಮ ಕಣ್ಣಿಗೆ ಕಾಣದ ಬಾಡಿಗೆ. ಇನ್ನು ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರಲ್ಲ, ಆ 18,000ವನ್ನು ಅಗ್ರಿಮೆಂಟಿನ 11 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 1,636. ಎಲ್ಲ ಸೇರಿಸಿದರೆ 18,000ದ ಮನೆ ನಿಜಕ್ಕೂ 20,686ರ ಮನೆ. ಅಡ್ವಾನ್ಸ್ ಕಮ್ಮಿ ಇದ್ದು ಬಾಡಿಗೆ 500 ರೂಪಾಯಿ ಜಾಸ್ತಿ ಇರುವ ಮನೆ ಎಷ್ಟೋ ಸಲ ಅಗ್ಗ ಬೀಳುತ್ತದೆ. ನಮ್ಮಪ್ಪನಿಗೆ ಫೋನಿನಲ್ಲಿ ಈ ಲೆಕ್ಕ ಹೇಳಿದಾಗ ಐದು ನಿಮಿಷ ಮಾತೇ ಇಲ್ಲ, ಆಮೇಲೆ "ಅಡ್ವಾನ್ಸ್ ವಾಪಸ್ ಬರುತ್ತಲ್ಲ, ಸಾಕು" ಅಂದರು.

ಅಗ್ರಿಮೆಂಟ್ 11 ತಿಂಗಳಿಗೆ ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು, ಓಡಾಟ ತಪ್ಪಿಸಲು 11. ಕರಾರಿನಲ್ಲಿ ಐದೂ ಜನರ ಹೆಸರು ಇರಲಿ, ಪೇಂಟಿಂಗಿಗೆ ಎಷ್ಟು ಅನ್ನುವುದೂ ಅಂಕಿಯಲ್ಲಿರಲಿ. ನಿಮ್ಮ ನಿಮ್ಮಲ್ಲೇ ಇನ್ನೊಂದು ಚೀಟಿ ಬರೆದುಕೊಳ್ಳಿ: ಮಧ್ಯದಲ್ಲಿ ಒಬ್ಬ ಬಿಟ್ಟು ಹೋದರೆ ಅವನ ಪಾಲಿನ ಅಡ್ವಾನ್ಸನ್ನು ಹೊಸದಾಗಿ ಬಂದವನು ಕೊಡಬೇಕು, ಹೊಸಬನನ್ನು ಹುಡುಕುವ ಕೆಲಸ ಹೋಗುವವನದು. ನಾವು ಇದನ್ನು ಬರೆದಿರಲಿಲ್ಲ. ಎಂಟನೇ ತಿಂಗಳಲ್ಲಿ ಒಬ್ಬನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು, ಅವನ 36,000ಕ್ಕೆ ಉಳಿದ ನಾಲ್ವರು ಎರಡು ತಿಂಗಳು ಒದ್ದಾಡಿದೆವು.

'ಲೀಸ್'ಗೆ ಮನೆ, ಬಾಡಿಗೆಯೇ ಇಲ್ಲ, ಒಂದೇ ಸಲ ಎಂಟು ಹತ್ತು ಲಕ್ಷ ಕೊಟ್ಟರಾಯಿತು ಅನ್ನುವವರು ಸಿಗುತ್ತಾರೆ. ವಿದ್ಯಾರ್ಥಿಗಳಿಗೆ ಅದು ಬೇಡವೇ ಬೇಡ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು, ಮಾಲೀಕ ಕಂತು ಕಟ್ಟದಿದ್ದರೆ ಬೀದಿಗೆ ಬರುವವರು ನೀವು.

3. ಗೋಡೆಗೆ ಒಂದು ಚಾರ್ಟ್

ಫೋನಿನ ಆ್ಯಪ್‌ಗಳು ಇವೆ, ನಾವೂ ಹಾಕಿಕೊಂಡೆವು, ಮೂರನೇ ವಾರಕ್ಕೆ ಯಾರೂ ತೆರೆಯಲಿಲ್ಲ. ಅಡುಗೆಮನೆ ಬಾಗಿಲ ಪಕ್ಕ ಅಂಟಿಸಿದ ಚಾರ್ಟ್ ಪೇಪರ್ ಮಾತ್ರ ಎರಡು ವರ್ಷ ನಡೆಯಿತು, ಯಾಕೆಂದರೆ ನೀರು ಕುಡಿಯಲು ಹೋದವನಿಗೂ ಅದು ಕಾಣುತ್ತದೆ. ಐದು ಹೆಸರು, ಕೊಟ್ಟಿದ್ದು, ಖರ್ಚಾಗಿದ್ದು, ಬಾಕಿ. ಒಬ್ಬ ದುಡ್ಡು ಇಟ್ಟುಕೊಳ್ಳಲಿ, ಬೇರೊಬ್ಬ ಬಿಲ್ಲು ನೋಡಲಿ, ತಿಂಗಳು ತಿಂಗಳು ಬದಲಾಗಲಿ. ಮನೆಯೊಳಗಿನ ಕೈಸಾಲ 500 ದಾಟಿದರೆ ಅದೂ ಚಾರ್ಟಿಗೆ. ಗೋಡೆ ಕೇಳುವಾಗ ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ, ಹಾಗಾಗಿ ಮುಲಾಜೂ ಇಲ್ಲ.

ಕರೆಂಟಿನ ಬಗ್ಗೆ ಒಂದು ಮಾತು. ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಮನೆಗೆ ಪ್ರತ್ಯೇಕ ಮೀಟರ್ ಇರಬೇಕು, ಹಳೆ ಬಾಡಿಗೆದಾರರ ಆಧಾರ್ ಬಿಡಿಸಿ ನಿಮ್ಮದು ಜೋಡಿಸಬೇಕು. ಎಷ್ಟು ಯೂನಿಟ್ ಉಚಿತ ಅನ್ನುವುದಕ್ಕೆ ಮನೆ ಮನೆಗೂ ಒಂದು ಮಿತಿ ಇದೆ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕಷ್ಟೇ ಬಿಲ್ಲು. 200 ದಾಟಿತೋ, ಪೂರ್ತಿ ಬಿಲ್ಲು. ಐದು ಜನ, ಒಂದು ಗೀಸರ್, ಮೇಲೊಂದು ಇಂಡಕ್ಷನ್ ಸ್ಟೌ. 20ನೇ ತಾರೀಕಿನ ಹೊತ್ತಿಗೆ ಮೀಟರ್ ಓದಿ ಚಾರ್ಟಿನಲ್ಲಿ ಬರೆದರೆ ಕೊನೆ ವಾರ ಎಲ್ಲರೂ ತಣ್ಣೀರು ಸ್ನಾನಕ್ಕೆ ತಾವಾಗೇ ಒಪ್ಪುತ್ತಾರೆ.

4. ಯಾರು ಎಲ್ಲಿ ಸುಟ್ಟುಕೊಂಡಿದ್ದಾರೋ ಅವರದ್ದೇ ಆ ಪಾಠ

ಹೊರಗೆ ಹೋಗುವ ಮುಂಚೆ ಮನೆಯೊಳಗೇ ಭಾನುವಾರ ರಾತ್ರಿ ಒಬ್ಬೊಬ್ಬರು ಅರ್ಧ ಗಂಟೆ ಮಾತಾಡಿ. ನಮ್ಮ ಮೈಸೂರಿನವನು ಕ್ರೆಡಿಟ್ ಕಾರ್ಡಿನ ವಿಷಯ ತಗೊಂಡ, ಯಾಕೆಂದರೆ ಅವನ ಕಾರ್ಡಿನಲ್ಲಿ 20,000 ಬಾಕಿ ಇತ್ತು. ಅವನು ಹೇಳಿದ ಲೆಕ್ಕ ಇಷ್ಟು: 'ಮಿನಿಮಮ್ ಡ್ಯೂ' ಅಂತ 1,000 ಕಟ್ಟಿದ. ತಿಂಗಳಿಗೆ 3.5% ಬಡ್ಡಿ ಅಂದರೆ 700, ಆ ಬಡ್ಡಿ ಮೇಲೆ 18% ಜಿಎಸ್‌ಟಿ 126. ಸಾಲ ಕರಗಿದ್ದು 174 ರೂಪಾಯಿ! ಸಾವಿರ ಕಟ್ಟಿ ನೂರ ಎಪ್ಪತ್ತನಾಲ್ಕು. ಇದನ್ನು ಪುಸ್ತಕದಿಂದ ಓದಿ ಹೇಳಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ.

ರಾಯಚೂರಿನವನದು ಬಾಡಿಗೆ ಖಾತೆಯ ವಿಷಯ. ಅವನ ಕ್ಲಾಸಿನ ಹುಡುಗನೊಬ್ಬನಿಗೆ ಯಾರೋ "ನಿನ್ನ ಬ್ಯಾಂಕ್ ಅಕೌಂಟ್, ಎಟಿಎಂ ಕಾರ್ಡ್, ಸಿಮ್ ಒಂದು ತಿಂಗಳು ಕೊಡು, 5,000 ಕೊಡ್ತೀವಿ" ಅಂದಿದ್ದರು. ಕೊಟ್ಟ. ಮೋಸ ಹೋದವರ ದುಡ್ಡೆಲ್ಲ ಅದರ ಮೂಲಕ ಹರಿದು, ಖಾತೆ ಫ್ರೀಜ್ ಆಗಿ, ಬೇರೆ ರಾಜ್ಯದ ಪೊಲೀಸರಿಂದ ಫೋನ್ ಬಂತು. "ನನಗೇನೂ ಗೊತ್ತಿಲ್ಲ" ಅಂದರೆ ಮುಗಿಯುವುದಿಲ್ಲ, ಖಾತೆ ಯಾರ ಹೆಸರಲ್ಲಿದೆಯೋ ಮೊದಲು ಹುಡುಕುವುದು ಅವರನ್ನೇ. ಕಾಲೇಜು ಹುಡುಗರಿಗೆ ಇದೊಂದನ್ನು ಹೇಳಿದರೂ ಮನೆಯ ಕೆಲಸ ಅರ್ಧ ಆದಂತೆ.

5. ಈಗ ಬೀದಿಗೆ ಬನ್ನಿ

ನಮ್ಮ ಮೊದಲ ಕಾರ್ಯಕ್ರಮ ಸೋತಿತು. ಚಕ್ರಬಡ್ಡಿ ಬಗ್ಗೆ ಬಣ್ಣ ಬಣ್ಣದ ಹಾಳೆ ಬರೆದು, ಬೀದಿ ಕೊನೆಯ ಗಣಪತಿ ಗುಡಿ ಕಟ್ಟೆ ಮೇಲೆ ಶನಿವಾರ ಸಂಜೆ ಕೂತೆವು. ಬಂದವರು ಮೂವರು, ಅದರಲ್ಲಿ ಒಬ್ಬರು ಪ್ರಸಾದಕ್ಕೆ ಬಂದವರು. ಮುಗಿಸಿ ಏಳುವಾಗ ಎದುರು ಮನೆಯಲ್ಲಿ ಕೆಲಸ ಮಾಡುವ ಅಕ್ಕ ಕೇಳಿದರು: "ಅದೆಲ್ಲ ಇರ್ಲಿ, ನಾನು ಚೀಟಿ ಹಾಕಿದೀನಿ, ಅದು ಲಾಭನಾ ನಷ್ಟನಾ?"

ಐದು ಜನರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೂವರು ಕಾಮರ್ಸು! ಮುಂದಿನ ವಾರ ಕಲಿತು ಬಂದೆವು. 20 ಜನ, ತಿಂಗಳಿಗೆ 2,500, ಒಟ್ಟು 50,000ದ ಚೀಟಿ. ತಿಂಗಳಿಗೊಬ್ಬರು ಹರಾಜು ಕೂಗಿ ಅದನ್ನು ಎತ್ತುತ್ತಾರೆ. ಈ ತಿಂಗಳು ತುರ್ತಿದ್ದವರು 15,000 ಬಿಟ್ಟು ಕೂಗುತ್ತಾರೆ, ಅವರ ಕೈಗೆ 35,000. ಬಿಟ್ಟ 15,000ದಲ್ಲಿ ಚೀಟಿ ನಡೆಸುವವರ ಕಮಿಷನ್ 2,500 ಹೋದರೆ ಉಳಿದ 12,500ನ್ನು 20 ಜನ ಹಂಚಿಕೊಂಡು ತಲಾ 625. ಅಂದರೆ ನೀವು ಕಟ್ಟಬೇಕಾದ್ದು 1,875 ಮಾತ್ರ. ಮೊದಮೊದಲು ಎತ್ತಿದವರಿಗೆ ಅದು ಸಾಲ, ಕೊನೆಗೆ ಎತ್ತುವವರಿಗೆ ಉಳಿತಾಯ. ಲಾಭ ನಷ್ಟ ನೀವು ಎಷ್ಟನೇ ತಿಂಗಳು ಎತ್ತುತ್ತೀರಿ, ಎಷ್ಟು ಬಿಟ್ಟು ಎತ್ತುತ್ತೀರಿ ಅನ್ನುವುದರ ಮೇಲೆ.

ಅಕ್ಕನಿಗೆ ಇದು ನಮಗಿಂತ ಬೇಗ ಅರ್ಥವಾಯಿತು. ಅವರಿಗೆ ಗೊತ್ತಿಲ್ಲದ್ದು ಇನ್ನೊಂದು: 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಇಂಥ ಚೀಟಿ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಿರಬೇಕು, ನಡೆಸುವವರ ಕಮಿಷನ್ 7% ದಾಟಬಾರದು. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. "ಓಡಿಹೋದರೆ ಯಾರನ್ನ ಕೇಳ್ತೀರಾ?" ಅಂದಾಗ ಅವರು, "ಅವರ ಮನೆ ಗೊತ್ತಲ್ಲ" ಅಂದರು. ನಾವು ಸುಮ್ಮನಾದೆವು. ಚೀಟಿ ಬೇಡ ಅಂತ ಹೇಳಲು ಹೋಗಬೇಡಿ, ನಿಮ್ಮ ಮಾತು ಅಲ್ಲಿಗೇ ಮುಗಿಯುತ್ತದೆ. ನೋಂದಣಿ ನಂಬರ್ ಕೇಳಿ ಅಂತ ಹೇಳಿದರೆ ಸಾಕು.

ಅವತ್ತಿಂದ ವಿಷಯ ನಾವು ಆರಿಸುವುದನ್ನು ಬಿಟ್ಟೆವು. ಬರುವವರಿಗೆ "ಪಾಸ್‌ಬುಕ್ ಪ್ರಿಂಟ್ ಹಾಕಿಸ್ಕೊಂಡು ಬನ್ನಿ" ಅಂದೆವು, ಅಷ್ಟೇ. ಎಷ್ಟು ಪಾಸ್‌ಬುಕ್ಕಿನಲ್ಲಿ ಮೇ ಕೊನೆ ವಾರ 20 ರೂಪಾಯಿ, 436 ರೂಪಾಯಿ ಕಟ್ಟಾಗಿತ್ತು ಗೊತ್ತಾ? ಬ್ಯಾಂಕಿನವರು ತಿಂದರು ಅಂತ ಬೈಯುತ್ತಿದ್ದರು. ಎರಡೂ ಕೇಂದ್ರ ಸರ್ಕಾರದ ವಿಮೆ ಯೋಜನೆಗಳು. 20 ರೂಪಾಯಿಯದು ಸುರಕ್ಷಾ ಬಿಮಾ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. 436 ಜೀವನ್ ಜ್ಯೋತಿ, ಯಾವ ಕಾರಣಕ್ಕೆ ತೀರಿಕೊಂಡರೂ 2 ಲಕ್ಷ. ವಾಚ್‌ಮನ್ ಒಬ್ಬರಿಗೆ ಎರಡೂ ಇತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಮೆಯನ್ನು ಯಾರು ಕೇಳಲು ಹೋಗುತ್ತಾರೆ? ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ಕೊಟ್ಟೆವು, ನಾಮಿನಿ ಯಾರು ಅಂತ ಬ್ಯಾಂಕಿನಲ್ಲಿ ಕೇಳಿ ಬರಲು ಹೇಳಿದೆವು.

ಯುಪಿಐ ಬಗ್ಗೆ ಎರಡೇ ವಾಕ್ಯ ಸಾಕು: ದುಡ್ಡು ಬರಲು ಪಿನ್ ಒತ್ತಬೇಕಿಲ್ಲ. ಮೋಸ ಆಯಿತು ಅಂತ ಗೊತ್ತಾದ ತಕ್ಷಣ, ಅಳುವುದಕ್ಕೂ ಮುಂಚೆ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

6. ಮಾಡಬಾರದ್ದು

ಬೇರೆಯವರ ಫೋನ್ ಕೈಗೆ ತಗೊಳ್ಳಬೇಡಿ, ಅವರೇ ಕೊಟ್ಟರೂ. ಪಿನ್ ಹೇಳಲು ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ಳಿ. ಯಾವ ಷೇರು ತಗೋಬೇಕು ಅಂದರೆ ಗೊತ್ತಿಲ್ಲ ಅನ್ನಿ, ದುಡ್ಡು ತಗೊಂಡು ಅಂಥ ಸಲಹೆ ಕೊಡಲು ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ನೋಂದಣಿ ಬೇಕು. ನಾಲ್ಕು ಜನ ಸೇರುತ್ತಾರೆ ಅಂತ ಗೊತ್ತಾದ ಮೇಲೆ ವಿಮೆ ಏಜೆಂಟರೊಬ್ಬರು ಬಂದು ಟೀ, ಬಿಸ್ಕೆಟ್ ಖರ್ಚು ನಮ್ಮದು ಅಂದರು. ಟೀ ಕುಡಿಯುವ ಆಸೆ ನಮಗೂ ಇತ್ತು, ಬೇಡ ಅಂದೆವು.

7. ಖಾಲಿ ಮಾಡುವಾಗ

ಎರಡು ತಿಂಗಳು ಮೊದಲೇ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ವಾಟ್ಸ್‌ಆ್ಯಪ್ ಆದರೂ ಸರಿ. ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೋ ತೆಗೆದಿಡಿ. ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿ, ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ಪರದಾಟ. ಪುಸ್ತಕ, ಹಳೆ ಚಾರ್ಟುಗಳನ್ನು ಮುಂದಿನ ಬ್ಯಾಚಿಗೆ ಕೊಡಿ, ನಮ್ಮ ತಪ್ಪುಗಳೆಲ್ಲ ಅದರಲ್ಲಿವೆ.

ನಮ್ಮ ಮಾಲೀಕರು ಕರಾರಿನಂತೆ ಸರಿಯಾಗಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದು ಕೊಟ್ಟರು. ಅಡುಗೆಮನೆ ಪಕ್ಕದ ಚಾರ್ಟ್ ಕಿತ್ತಾಗ ಗಮ್ ಟೇಪಿನ ಜೊತೆ ಅಂಗೈ ಅಗಲ ಸುಣ್ಣವೂ ಬಂತು. ಹಾಸನದವನು ಗಾಬರಿಯಾಗಿ ಒರೆಸಲು ಹೋದ. ಬಿಡೋ ಅಂದೆವು, ಪೇಂಟಿಂಗ್ ದುಡ್ಡು ಕೊಟ್ಟಾಗಿದೆ.