ಎ380 ಹತ್ತುವವರಿಗೆ: ಟಿಕೆಟ್‌ನಿಂದ ಇಮಿಗ್ರೇಶನ್ ಕ್ಯೂವರೆಗೆ

ಏರ್‌ಬಸ್‌ನ ಎರಡು ಮಹಡಿ ವಿಮಾನ ಎ380ಗೆ ಟಿಕೆಟ್ ತೆಗೆದುಕೊಂಡರೆ ಸಾಕು, ದೊಡ್ಡ ವಿಮಾನದ ಮಜಾ ತಾನಾಗಿಯೇ ಸಿಗುತ್ತದೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಸಿಗುವುದಿಲ್ಲ. ಎಕಾನಮಿಯಲ್ಲಿ ಅವರು ಕೊಟ್ಟ ಸೀಟಿನಲ್ಲಿ ಸುಮ್ನೆ ಹೋಗಿ ಕೂತರೆ ಅದೂ ಒಂದು ವಿಮಾನ, ಅಷ್ಟೇ. ಎದುರಿಗೆ ಸೀಟಿನ ಬೆನ್ನು, ಪಕ್ಕದಲ್ಲಿ ಇನ್ನೊಬ್ಬರ ಮೊಣಕೈ. ದೊಡ್ಡ ವಿಮಾನದಲ್ಲಿ ಹೋಗಿಬಂದೆ ಅನ್ನಿಸಬೇಕಾದರೆ ಬುಕ್ ಮಾಡುವಾಗಲೇ ಒಂದಿಷ್ಟು ನೋಡಿಕೊಳ್ಳಬೇಕು.

ಮೊದಲು ಗುರುತು ಹಿಡಿಯುವುದು. ಮಹಡಿ ಇರುವ ಪ್ರಯಾಣಿಕರ ಜೆಟ್ ಅಂದರೆ ಎರಡೇ, ಬೋಯಿಂಗ್ 747 ಮತ್ತು ಏರ್‌ಬಸ್ ಎ380. 747ರ ಮಹಡಿ ಮುಂದುಗಡೆ ಮಾತ್ರ ಇರುತ್ತದೆ, ಪೈಲಟ್‌ಗಳು ಕೂರುವುದೂ ಅಲ್ಲೇ. ಎ380ಗೆ ಮುಂದಿನಿಂದ ಬಾಲದ ಹತ್ತಿರದವರೆಗೂ ಎರಡು ಸಾಲು ಕಿಟಕಿ. 747ರ ಆ ಗೂನಿಗೆ ಒಂದು ಕಾರಣ ಇದೆ. 1960ರ ದಶಕದಲ್ಲಿ, ಇನ್ನು ಮುಂದೆ ಜನರೆಲ್ಲ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳಲ್ಲೇ ಓಡಾಡುತ್ತಾರೆ, ಈ ದೊಡ್ಡದು ಕೊನೆಗೆ ಸರಕು ಸಾಗಿಸೋಕಾದರೂ ಆಗಲಿ ಅಂತ ಲೆಕ್ಕ ಹಾಕಿದ್ದರು. ಸರಕು ತುಂಬಲು ಮೂಗನ್ನೇ ಮೇಲೆತ್ತಿ ತೆರೆಯಬೇಕು, ಕಾಕ್‌ಪಿಟ್ ಅಡ್ಡ ಬರಬಾರದು, ಹಾಗಾಗಿ ಅದು ಮಹಡಿ ಹತ್ತಿತು. ಶಬ್ದವೇಗದ ಕನಸು ಕಾನ್‌ಕಾರ್ಡ್‌ಗೆ ನಿಂತುಹೋಯಿತು, 747 ಮಾತ್ರ ದಶಕಗಟ್ಟಲೆ ಜನರನ್ನೇ ಹೊತ್ತು ತಿರುಗಿತು.

747ಗೆ ಮೊದಲ ಗಿರಾಕಿ ಅಮೆರಿಕದ ಪ್ಯಾನ್ ಆಮ್ ಕಂಪನಿ. 1966ರಲ್ಲಿ ಒಟ್ಟಿಗೆ 25 ವಿಮಾನಕ್ಕೆ ಆರ್ಡರ್ ಕೊಟ್ಟಿತು. 1970ರ ಜನವರಿ 22ರಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಮೊದಲ ಹಾರಾಟ. ಅವತ್ತೇ ಎಂಜಿನ್ ಬಿಸಿಯಾಗಿ, ಜನರನ್ನು ಇಳಿಸಿ, ಬೇರೆ ವಿಮಾನ ತರಿಸಿ, ಗಂಟೆಗಟ್ಟಲೆ ತಡವಾಗಿ ಹೊರಟರು! ಮರುವರ್ಷವೇ ಏರ್ ಇಂಡಿಯಾಗೂ 747 ಬಂತು. ಕಿಟಕಿಗಳ ಸುತ್ತ ಕೆಂಪು ಝರೋಖಾ ಚಿತ್ತಾರ, ಒಂದೊಂದು ವಿಮಾನಕ್ಕೂ ಒಬ್ಬೊಬ್ಬ ಚಕ್ರವರ್ತಿಯ ಹೆಸರು. ಒಂದಕ್ಕೆ ನಮ್ಮ ಕೃಷ್ಣದೇವರಾಯನ ಹೆಸರೂ ಇತ್ತು. 747ರ ಆಸೆ ಇದ್ದವರು ಈಗ ಲುಫ್ತಾನ್ಸಾದಂಥ ಕೆಲವೇ ಕಂಪನಿಗಳಲ್ಲಿ ಹುಡುಕಬೇಕು. ಬೋಯಿಂಗ್ ಕೊನೆಯದನ್ನು ಗಿರಾಕಿಗೆ ಕೊಟ್ಟಿದ್ದು 2023ರ ಜನವರಿಯಲ್ಲಿ, ಅದೂ ಸರಕಿನ ವಿಮಾನ.

ಎ380 ಕಥೆ ಇನ್ನೂ ಚಿಕ್ಕದು. ಪ್ರಯಾಣಿಕರನ್ನು ಹೊತ್ತು ಮೊದಲು ಹಾರಿದ್ದು 2007ರ ಅಕ್ಟೋಬರ್ 25ರಂದು, ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ, ಸಿಂಗಾಪುರದಿಂದ ಸಿಡ್ನಿಗೆ. ನಮ್ಮ ಸರ್ಕಾರ 2014ರವರೆಗೂ ಇದನ್ನು ಇಲ್ಲಿಗೆ ಬಿಡಲಿಲ್ಲ, ವಿದೇಶಿ ಕಂಪನಿಗಳು ಏರ್ ಇಂಡಿಯಾದ ಗಿರಾಕಿಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತವೆ ಅನ್ನೋ ಭಯ. ಬೆಂಗಳೂರಿಗೆ ದಿನಾ ಬರೋಕೆ ಶುರುವಾಗಿದ್ದು 2022ರ ಅಕ್ಟೋಬರ್ 30ರಿಂದ, ದುಬೈನಿಂದ, ಎಮಿರೇಟ್ಸ್‌ನಲ್ಲಿ. ಅಷ್ಟು ಹೊತ್ತಿಗೆ ಏರ್‌ಬಸ್ ಇದನ್ನು ತಯಾರಿಸುವುದನ್ನೇ ನಿಲ್ಲಿಸಿತ್ತು! 2021ರ ಡಿಸೆಂಬರ್‌ನಲ್ಲಿ ಕೊಟ್ಟಿದ್ದೇ ಕೊನೆಯದು, ಒಟ್ಟು 251. ಎರಡೇ ಎಂಜಿನ್‌ನ 777, ಎ350ಗಳು ಮುನ್ನೂರು ಚಿಲ್ಲರೆ ಜನರನ್ನು ಅಷ್ಟೇ ದೂರ ಕರೆದೊಯ್ಯುವಾಗ ನಾಲ್ಕು ಎಂಜಿನ್‌ಗೆ ಎಣ್ಣೆ ಸುರಿಯೋರು ಯಾರು? ಏರ್ ಫ್ರಾನ್ಸ್ 2020ರಲ್ಲೇ ಕೈಬಿಟ್ಟಿತು. ಎಮಿರೇಟ್ಸ್ ಹತ್ತಿರ ಜಾಸ್ತಿ ಇವೆ, ಸದ್ಯಕ್ಕೆ ಓಡಿಸುತ್ತದೆ. ಆದರೂ ಆಸೆ ಇದ್ದವರು ತುಂಬಾ ಮುಂದಕ್ಕೆ ಹಾಕಬೇಡಿ.

ಈಗ ಬುಕಿಂಗ್. ಬೆಂಗಳೂರಿನಿಂದ ದುಬೈಗೆ ಹೋಗುವ ಎಲ್ಲಾ ವಿಮಾನಗಳೂ ಎ380 ಅಲ್ಲ, ಎಮಿರೇಟ್ಸ್‌ನಲ್ಲೂ ಕೆಲವಕ್ಕೆ 777 ಬರುತ್ತದೆ. ಗೂಗಲ್ ಫ್ಲೈಟ್ಸ್‌ನಲ್ಲಿ ಹುಡುಕಿ ವಿವರ ಬಿಚ್ಚಿ ನೋಡಿದರೆ ವಿಮಾನದ ಹೆಸರು ಇರುತ್ತದೆ. ಕೆಲವು ಕಡೆ ಹೆಸರಿನ ಬದಲು ಕೋಡ್ ಹಾಕಿರುತ್ತಾರೆ, 388 ಅಂದರೆ ಎ380. ಲಂಡನ್‌ಗೋ ಸಿಡ್ನಿಗೋ ಮುಂದಕ್ಕೆ ಹೋಗುವವರಾದರೆ ದುಬೈನಿಂದಾಚೆಗಿನ ವಿಮಾನವನ್ನೂ ನೋಡಿ. ನನ್ನನ್ನು ಕೇಳಿದರೆ ಎ380 ಬೇಕಾಗಿರೋದು ಆ ಉದ್ದದ ಹಾರಾಟಕ್ಕೇ. ದುಬೈವರೆಗಿನ ನಾಲ್ಕು ಗಂಟೆಯಲ್ಲಿ ಊಟ, ಒಂದು ನಿದ್ದೆ, ಮುಗೀತು. ಇನ್ನೊಂದು ಮಾತು, ಕಂಪನಿಯವರು ಕೊನೆಗಳಿಗೆಯಲ್ಲಿ ವಿಮಾನ ಬದಲಾಯಿಸಬಹುದು, ಅದಕ್ಕೆ ಅವರನ್ನು ಏನೂ ಕೇಳುವ ಹಾಗಿಲ್ಲ. ಹಾಗಾಗಿ ಎ380 ಅನ್ನೋ ಒಂದೇ ಕಾರಣಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡಬೇಡಿ, ಹೊರಡುವ ವಾರ ಬುಕಿಂಗ್ ತೆರೆದು ಇನ್ನೊಂದು ಸಲ ನೋಡಿ.

ಸೀಟಿನದ್ದೇ ದೊಡ್ಡ ವಿಷಯ. ಎಮಿರೇಟ್ಸ್‌ನ ನಾಲ್ಕು ಕ್ಲಾಸ್ ಇರುವ ಎ380ಯಲ್ಲಿ 484 ಸೀಟು. ಮೇಲಿನ ಮಹಡಿ ಪೂರ್ತಿ ಫಸ್ಟ್ ಮತ್ತು ಬಿಸಿನೆಸ್‌ನವರದ್ದು, ಸ್ನಾನದ ಮನೆ, ಬಾರ್ ಎಲ್ಲಾ ಅಲ್ಲೇ. ಕೆಳಗೆ ಮುಂದುಗಡೆ ಪ್ರೀಮಿಯಂ ಎಕಾನಮಿಯ 56 ಸೀಟು, ಅದರ ಹಿಂದೆ ನಾವು ನೀವು 338 ಜನ. ಎಕಾನಮಿಯಲ್ಲಿ ಸಾಲಿಗೆ ಹತ್ತು ಸೀಟು, ಮೂರು ನಾಲ್ಕು ಮೂರು. ನಾಲ್ಕು ಜನರ ಕುಟುಂಬಕ್ಕೆ ಮಧ್ಯದ ನಾಲ್ಕು ಹೇಳಿ ಮಾಡಿಸಿದ ಹಾಗಿದೆ, ಹೊರಗಿನವರನ್ನು ಯಾರೂ ದಾಟಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೇ ಆದರೆ ಕಷ್ಟ, ಮೂರನೆಯವರು ಬಂದೇ ಬರುತ್ತಾರೆ. ಆದರೆ ಎಮಿರೇಟ್ಸ್‌ನದ್ದೇ 615 ಸೀಟಿನ, ಎರಡೇ ಕ್ಲಾಸಿನ ಎ380ಗಳೂ ಇವೆ. ಅವುಗಳಲ್ಲಿ, ಹಾಗೇ ಬ್ರಿಟಿಷ್ ಏರ್‌ವೇಸ್‌ನಲ್ಲಿ, ಮಹಡಿ ಮೇಲೂ ಎಕಾನಮಿ ಇದೆ, ಎರಡು ನಾಲ್ಕು ಎರಡು. ಸಿಕ್ಕರೆ ಬಿಡಬೇಡಿ. ಮೇಲೆ ಗೋಡೆ ಒಳಕ್ಕೆ ಬಾಗಿರುವುದರಿಂದ ಕಿಟಕಿ ಪಕ್ಕ ಉಳಿದ ಜಾಗದಲ್ಲಿ ಒಂದು ಪೆಟ್ಟಿಗೆ ಕೂರಿಸಿದ್ದಾರೆ. ಬ್ಯಾಗು, ನೀರು, ಕನ್ನಡಕ ಎಲ್ಲಾ ಅದರೊಳಗೆ ಹಾಕಬಹುದು, ತಲೆ ಮೇಲಿನ ಬಿನ್‌ಗೆ ಏಳೋ ಕೆಲಸ ಇಲ್ಲ.

ಕಿಟಕಿ ಬೇಕು ಅನ್ನುವವರು ಸೀಟ್ ಮ್ಯಾಪ್‌ನಲ್ಲಿ ರೆಕ್ಕೆ ಎಲ್ಲಿದೆ ಅಂತ ಮೊದಲು ನೋಡಿ. ಎರಡೂ ರೆಕ್ಕೆ ಸೇರಿ ತುದಿಯಿಂದ ತುದಿಗೆ ಸುಮಾರು 80 ಮೀಟರ್. ಮಧ್ಯದ ಸಾಲುಗಳಲ್ಲಿ ಕೂತರೆ ನೆಲ ಕಾಣುವುದಿಲ್ಲ, ಬರೀ ಲೋಹದ ಬಯಲು. ಟೇಕಾಫ್ ಹೊತ್ತಿಗೆ ಆ ರೆಕ್ಕೆ ಮೇಲಕ್ಕೆ ಬಾಗುವುದನ್ನು ನೋಡೋಕೆ ಇಷ್ಟ ಇದ್ದವರು ಬೇಕಂತಲೇ ಅಲ್ಲಿ ಕೂರಬಹುದು ಬಿಡಿ. ಎಲ್ಲಿ ಕೂತರೂ ಎದುರಿನ ಪರದೆಯಲ್ಲಿ ಹೊರಗಿನ ಕ್ಯಾಮೆರಾ ಆನ್ ಮಾಡಿಕೊಳ್ಳಿ. ಬಾಲದ ತುದಿಯಲ್ಲಿ ಒಂದು ಕ್ಯಾಮೆರಾ ಇದೆ, ಇಡೀ ವಿಮಾನ ರನ್‌ವೇ ಮೇಲೆ ಓಡುವುದು ಅದರಲ್ಲಿ ಕಾಣುತ್ತದೆ. ಇದರ ಮುಂದೆ ಉಳಿದ ಸಿನಿಮಾಗಳೆಲ್ಲ ಸಪ್ಪೆ.

ನಿದ್ದೆ ಬೇಕಾದವರು ಎಕಾನಮಿಯ ಮುಂದಿನ ಸಾಲುಗಳನ್ನು ಹಿಡಿಯಿರಿ, ಎಂಜಿನ್‌ಗಳು ಹಿಂದೆ ಉಳಿಯುತ್ತವೆ. ಎ380 ಒಳಗೆ ಸದ್ದೇ ಕಡಿಮೆ, ಅದರದ್ದೂ ಒಂದು ತಾಪತ್ರಯ ಇದೆ. ಬೇರೆ ವಿಮಾನಗಳಲ್ಲಿ ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗುವ ಅಳು, ಕೆಮ್ಮು, ಫ್ಲಶ್ ಎಲ್ಲಾ ಇಲ್ಲಿ ಚೆನ್ನಾಗಿ ಕೇಳಿಸುತ್ತದೆ. ಇದು ಬಂದ ಹೊಸದರಲ್ಲಿ ಪೈಲಟ್‌ಗಳೇ ತಮ್ಮ ವಿಶ್ರಾಂತಿ ಜಾಗದಲ್ಲಿ ನಿದ್ದೆ ಬರಲ್ಲ ಅಂತ ದೂರಿದ್ದರು. ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ.

ಸೇಫ್ಟಿ ಕಾರ್ಡ್ ಓದಿ, ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಕೊಳ್ಳಿ. 2006ರಲ್ಲಿ ಹ್ಯಾಂಬರ್ಗ್‌ನಲ್ಲಿ ಪರೀಕ್ಷೆ ಮಾಡಿದಾಗ ಕತ್ತಲೆಯಲ್ಲಿ, 16 ಬಾಗಿಲುಗಳ ಪೈಕಿ ಅರ್ಧ ಮಾತ್ರ ತೆರೆದು, 873 ಜನ 78 ಸೆಕೆಂಡಿನಲ್ಲಿ ಹೊರಬಂದಿದ್ದರು. ಅಂದರೆ ದಾರಿ ಇದೆ, ಮೇಲಿನ ಬ್ಯಾಗ್ ಇಳಿಸೋಕೆ ನಿಲ್ಲದಿದ್ದರೆ.

ಗೇಟಿಗೆ ಬೇಗ ಹೋಗಿ. ಮೇಲಿನವರಿಗೆ, ಕೆಳಗಿನವರಿಗೆ ವಿಮಾನಕ್ಕೆ ಹತ್ತುವ ಸೇತುವೆ ಸಾಮಾನ್ಯವಾಗಿ ಬೇರೆ ಬೇರೆ ಇರುತ್ತದೆ, ಬೋರ್ಡ್ ನೋಡಿ ನಡೆಯಿರಿ. ಮಹಡಿ ನೋಡುವ ಆಸೆ ಇದ್ದರೆ ಹಾರಾಟದ ಮಧ್ಯೆ ಮೆಟ್ಟಿಲು ಹತ್ತಬೇಡಿ, ವಾಪಸ್ ಕಳಿಸುತ್ತಾರೆ. ಇಳಿಯುವಾಗ ಸಿಬ್ಬಂದಿಯನ್ನು ನಗುತ್ತಾ ಕೇಳಿ ನೋಡಿ. ಬಿಟ್ಟರೆ ನಿಮ್ಮ ಅದೃಷ್ಟ.

ವಾಪಸ್ ಬರುವಾಗ ಬೆಂಗಳೂರಿನ ಇಮಿಗ್ರೇಶನ್ನೇ ನಿಜವಾದ ಪರೀಕ್ಷೆ. ವಿಮಾನ ತುಂಬಿ ಬಂದಿದ್ದರೆ ನಾನೂರೈವತ್ತಕ್ಕೂ ಹೆಚ್ಚು ಜನ ಒಟ್ಟಿಗೇ ಕ್ಯೂಗೆ ಬೀಳುತ್ತಾರೆ. ಭಾರತದ ಪಾಸ್‌ಪೋರ್ಟ್ ಅಥವಾ ಒಸಿಐ ಕಾರ್ಡ್ ಇದ್ದವರು ಮೊದಲೇ ಫಾಸ್ಟ್ ಟ್ರ್ಯಾಕ್ ಇಮಿಗ್ರೇಶನ್‌ಗೆ ಹೆಸರು ನೋಂದಾಯಿಸಿಕೊಳ್ಳಿ. ಎಫ್‌ಟಿಐ-ಟಿಟಿಪಿ ಅಂತ ಅದರ ಹೆಸರು, ಬೆಂಗಳೂರಿಗೆ 2025ರ ಜನವರಿಯಲ್ಲಿ ಬಂತು. ಆನ್‌ಲೈನ್ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಬೆರಳಚ್ಚು, ಫೋಟೊ ಕೊಟ್ಟರೆ ಆಯಿತು. ಆಮೇಲೆ ಇ-ಗೇಟ್‌ನಲ್ಲಿ ನೇರ ಹೊರಗೆ, ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅದು. ಒಪ್ಪಿಗೆ ಬರೋಕೆ ಸಮಯ ಹಿಡಿಯಬಹುದು, ಆದ್ದರಿಂದ ಟಿಕೆಟ್ ಬುಕ್ ಮಾಡಿದ ದಿನವೇ ಅರ್ಜಿನೂ ಹಾಕಿಬಿಡಿ.