1726ರ ಮದ್ರಾಸನ್ನು ಇಂದಿನ ಚೆನ್ನೈ ಮೇಲೆ ಕೂರಿಸಿದ್ದು

ನಕ್ಷೆಕಾರ ಹರ್ಮನ್ ಮೋಲ್ ಅವರ 1726ರ ನಕ್ಷೆಯಲ್ಲಿ ಮದ್ರಾಸ್ ಅಂದರೆ ಸೇಂಟ್ ಜಾರ್ಜ್ ಕೋಟೆಯ ವೈಟ್ ಟೌನ್ (ಬಿಳಿಯರ ಊರು), ಅದಕ್ಕೆ ಅಂಟಿಕೊಂಡು ಉತ್ತರಕ್ಕೆ ಬ್ಲ್ಯಾಕ್ ಟೌನ್ (ಸ್ಥಳೀಯರ ಊರು), ಅದರಾಚೆ ಮುತ್ತಿಯಾಲಪೇಟೆ ಮತ್ತು ಪೆದ್ದನಾಯಕನಪೇಟೆ. ಆ ನಕ್ಷೆಯ ಸ್ಕ್ಯಾನ್ ಪ್ರತಿಯನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ.

ಇದಕ್ಕೆ ಅಂದಿನಿಂದ ಜಾಗ ಬಿಟ್ಟು ಕದಲದ ಗುರುತುಗಳು ಬೇಕು. ಕೋಟೆ ಗೋಡೆ ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಈಗಿರುವ ಗೋಡೆ ಫ್ರೆಂಚರ ಕಾಟ ಶುರುವಾದ ಮೇಲೆ ಹಿಗ್ಗಿಸಿ ಕಟ್ಟಿದ್ದು. ಕಡಲಂಚಂತೂ ಬೇಡವೇ ಬೇಡ. ಆಗ ಅಲೆ ಕೋಟೆಯ ಹತ್ತಿರಕ್ಕೇ ಬರುತ್ತಿತ್ತು. 1876ರಲ್ಲಿ ಬಂದರಿನ ಕೆಲಸ ಶುರುವಾದ ಮೇಲೆ ಅದರ ಕಟ್ಟೆಗೆ ಮರಳು ತಡೆದು ನಿಂತು, ದಕ್ಷಿಣದ ದಡ ಬೆಳೆಯಿತು. ಹಾಗಾಗಿ 1680ರ ಸೇಂಟ್ ಮೇರಿ ಚರ್ಚನ್ನೂ, ಎರಡು ಪೇಟೆಗಳ ಹಳೇ ಬೀದಿಗಳು ಕೂಡುವ ಮೂಲೆಗಳನ್ನೂ ಹಿಡಿದೆ. ನಕ್ಷೆಯನ್ನು ಗುರುತುಗಳಿಗೆ ಹೊಂದಿಸಲು ತಂತ್ರಾಂಶದಲ್ಲಿರುವ ಥಿನ್ ಪ್ಲೇಟ್ ವಿಧಾನಕ್ಕೆ ಮೊದಲೇ ಕೈ ಹಾಕಬೇಡಿ. ಅದು ಹಾಳೆಯನ್ನು ಎಲ್ಲಿ ಬೇಕಾದರೂ ಎಳೆದು ಗುರುತಿಗೆ ಕೂಡಿಸಿಬಿಡುತ್ತದೆ. ಯಾವ ಗುರುತು ತಪ್ಪು ಅಂತ ಗೊತ್ತೇ ಆಗೋಲ್ಲ.

ಹಾಳೆಯನ್ನು ಅರ್ಧ ಪಾರದರ್ಶಕ ಮಾಡಿದಾಗ ಬ್ಲ್ಯಾಕ್ ಟೌನಿನ ಬೀದಿಗಳೆಲ್ಲ ಹೈಕೋರ್ಟಿನ ಆವರಣದ ಮೇಲೆ ಬಿದ್ದವು. ಅಷ್ಟು ಇಕ್ಕಟ್ಟಾಗಿದ್ದ ಊರು ಎಲ್ಲಿ ಹೋಯ್ತು? 1746ರಲ್ಲಿ ಫ್ರೆಂಚರು ಮದ್ರಾಸನ್ನು ಹಿಡಿದು, ಬ್ಲ್ಯಾಕ್ ಟೌನಿನ ಒಂದಷ್ಟು ಭಾಗವನ್ನು ಕೆಡವಿದರು. 1749ರಲ್ಲಿ ಕೋಟೆ ವಾಪಸ್ ಸಿಕ್ಕಿದ ಮೇಲೆ ಉಳಿದದ್ದನ್ನು ಇಂಗ್ಲಿಷರೇ ನೆಲಸಮ ಮಾಡಿದರು. ಕೋಟೆಯ ಫಿರಂಗಿಗೆ ಅಡ್ಡ ಏನೂ ಇರಬಾರದು, ಅಷ್ಟೇ ಲೆಕ್ಕ. 1773ರಲ್ಲಿ ಈ ಬಯಲಿನ ಗಡಿಗೆ ಕಂಬಗಳನ್ನೂ ನೆಟ್ಟರು. ಪ್ಯಾರಿಸ್ ಕಾರ್ನರ್‌ನ ಡೇರ್ ಹೌಸ್ ಬಳಿ ಒಂದು ಇನ್ನೂ ಉಳಿದಿದೆ. ಆ ಬಯಲಲ್ಲೇ 1892ರಲ್ಲಿ ಹೈಕೋರ್ಟ್ ಕಟ್ಟಡ ಎದ್ದಿತು. ಬ್ಲ್ಯಾಕ್ ಟೌನ್ ಅನ್ನುವ ಹೆಸರು ಪಕ್ಕದ ಪೇಟೆಗಳಿಗೆ ಹೋಯಿತು. 1911ರಲ್ಲಿ ಅದೂ ಜಾರ್ಜ್ ಟೌನ್ ಆಯಿತು.

ಈಸ್ಟ್ ಇಂಡಿಯಾ ಕಂಪನಿಗೆ ಸತ್ತ ಬಿಳಿಯರ ಮೇಲೆ ಜಾಸ್ತಿ ಕರುಣೆ ಇತ್ತೇನೋ! ಇಂಗ್ಲಿಷರ ಹಳೇ ಸ್ಮಶಾನದ ಕಲ್ಲುಗಳನ್ನು ಎತ್ತಿ ತಂದು ಸೇಂಟ್ ಮೇರಿ ಚರ್ಚಿನ ಸುತ್ತ ಹಾಸಿದ್ದಾರೆ. ಆದರೆ ಗವರ್ನರ್ ಎಲಿಹು ಯೇಲ್ ಅವರ ಮಗ ಡೇವಿಡ್‌ನ ಸಮಾಧಿ ಇದ್ದಲ್ಲೇ ಉಳಿಯಿತು. ಹೈಕೋರ್ಟ್ ಪಕ್ಕದ ಹಳೇ ಲಾ ಕಾಲೇಜಿನ ಆವರಣದಲ್ಲಿರುವ ಆ ಚೂಪು ಗೋಪುರ ನನಗೆ ಒಳ್ಳೇ ಗುರುತಾಯಿತು.

ಚೆನ್ನಕೇಶವ ಪೆರುಮಾಳ್ ಗುಡಿಯನ್ನು ಮಾತ್ರ ಗುರುತಾಗಿ ಹಿಡಿಯಬೇಡಿ. ಹಳೇ ಗುಡಿ ಕೆಡವಿದ ಊರಲ್ಲೇ ಇತ್ತು. ಈಗ ಹೂವಿನ ಬಜಾರ್ ಬಳಿ ಇರುವುದು ಕಂಪನಿ ಕೊಟ್ಟ ಬದಲಿ ಜಾಗದಲ್ಲಿ ಮತ್ತೆ ಕಟ್ಟಿದ್ದು.